ಉಗ್ರಾಣದಲ್ಲಿ ಒಂದು ದಿನದ ಪಾಲು

ಕಳೆದ ವರ್ಷ ಒಂದು ಭಾನುವಾರ ಆರಾಧನೆ ಮುಗಿಸಿ ಹೊರಗೆ ಚಪ್ಪಲಿ ಹುಡುಕುತ್ತಿದ್ದೆ. ಯುವಜನ ಕೂಟದ ಒಬ್ಬ ಹುಡುಗಿ ಹತ್ತಿರ ಬಂದು, “ಸರ್, ನನ್ನ 211 ದಿನ ಹೋಯಿತು” ಎಂದಳು. ಅವಳ ಮುಖ ನೋಡಿ ಮನೆಯಲ್ಲಿ ಯಾರಾದರೂ ತೀರಿಕೊಂಡರೇನೋ ಎಂದು ನನಗೆ ಗಾಬರಿಯಾಯಿತು. ಆಮೇಲೆ ವಿಷಯ ತಿಳಿಯಿತು. ಅವಳ ಮೊಬೈಲಿನಲ್ಲಿ ಸತ್ಯವೇದ ಓದಿಸುವ ಒಂದು ಆ್ಯಪ್ ಇದೆ. ಎಷ್ಟು ದಿನ ತಪ್ಪದೆ ಓದಿದಿರಿ ಎಂಬ ಲೆಕ್ಕವನ್ನೂ ಅದು ಇಡುತ್ತದೆ. ಚಿಕ್ಕಪ್ಪನ ಮಗಳ ಮದುವೆಯ ಗಡಿಬಿಡಿಯಲ್ಲಿ ಒಂದು ರಾತ್ರಿ ಓದಲು ಮರೆತಿದ್ದಾಳೆ. ಮರುದಿನ ತೆರೆದು ನೋಡಿದರೆ ಲೆಕ್ಕ ಒಂದಕ್ಕೆ ಬಂದು ನಿಂತಿದೆ. ಅಂದಿನಿಂದ ಹತ್ತೊಂಬತ್ತು ದಿನ ಅವಳು ಸತ್ಯವೇದವನ್ನೇ ತೆರೆದಿರಲಿಲ್ಲ. “ಮತ್ತೆ ಮೊದಲಿನಿಂದ ಯಾರು ಎಣಿಸುತ್ತಾರೆ?” ಎಂದು ಕೇಳಿದಳು.

ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಹಿರಿಯರು ಹೇಳುವಂಥದ್ದೇನೋ ಹೇಳಿ ಕಳುಹಿಸಿದೆ. ಇವತ್ತು ನಿಮ್ಮ ಮುಂದೆ ನಿಂತಿರುವುದು ಆ ಸಾಲ ತೀರಿಸುವುದಕ್ಕೆ. ನೀವು ಕೊಟ್ಟ ವಿಷಯ “ಅನುದಿನದ ಭಕ್ತಿ”. ನನಗೆ ಅದರಲ್ಲಿ ಭಕ್ತಿ ಎಂಬ ಪದಕ್ಕಿಂತ ಅನುದಿನ ಎಂಬ ಪದವೇ ಹೆಚ್ಚು ತೊಡಕಿನದು. ಭಕ್ತಿ ನಮ್ಮಲ್ಲಿ ಬೇಕಾದಷ್ಟಿದೆ. ಉಜ್ಜೀವನ ಕೂಟದ ಮೂರು ದಿನ ಕಣ್ಣೀರು ಸುರಿಯುತ್ತದೆ, ಶುಭ ಶುಕ್ರವಾರ ಮೂರು ಗಂಟೆಯ ಆರಾಧನೆಗೆ ಕೂರಲು ಜಾಗ ಸಿಗುವುದಿಲ್ಲ. ಬುಧವಾರ ಬೆಳಿಗ್ಗೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಹುಡುಗಿಯನ್ನು ನೋಡಿ ನಾನು ನಗಲಿಲ್ಲ, ಏಕೆಂದರೆ ಮೊಬೈಲ್ ಇಲ್ಲದ ಕಾಲದಲ್ಲೇ ನನಗೆ ಆ ರೋಗ ಬಡಿದಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನೊಂದು ಓದಿನ ಪಟ್ಟಿ ಹಿಡಿದುಕೊಂಡಿದ್ದೆ. ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ರಾಬರ್ಟ್ ಮರ್ರೆ ಮೆಕ್‌ಚೇನ್ ಎಂಬ ಯುವ ಸಭಾಪಾಲಕರಿದ್ದರು. 1842ರಲ್ಲಿ ತಮ್ಮ ಸಭೆಯವರಿಗಾಗಿ ಅವರು ಸಿದ್ಧಪಡಿಸಿದ ಪಟ್ಟಿ ಅದು. ದಿನಕ್ಕೆ ನಾಲ್ಕು ಅಧ್ಯಾಯದಂತೆ ಓದಿದರೆ ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುತ್ತವೆ. ಜನವರಿ ಒಂದರಂದು ಆದಿಕಾಂಡ, ಎಜ್ರ, ಮತ್ತಾಯ, ಅಪೊಸ್ತಲರ ಕೃತ್ಯಗಳು, ನಾಲ್ಕರಲ್ಲೂ ಮೊದಲನೆಯ ಅಧ್ಯಾಯ. ಎಷ್ಟು ಸೊಗಸಾದ ಆರಂಭ! ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ ಮೊಳ ಗೇಣುಗಳ ಲೆಕ್ಕ ಬರುವ ಹೊತ್ತಿಗೆ ಏಪ್ರಿಲ್ ಆಗಿತ್ತು, ನಾನು 23 ದಿನ ಹಿಂದೆ ಬಿದ್ದಿದ್ದೆ. ಅಂದರೆ 92 ಅಧ್ಯಾಯ ಬಾಕಿ. ಒಂದು ಶನಿವಾರ ರಾತ್ರಿ ಆ ಬಾಕಿ ತೀರಿಸಲು ಕುಳಿತೆ. ಅಂಗಡಿಯವನ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಏರಿದ ಮೊತ್ತ ನೋಡಿದಾಗ ಎದೆ ಹೇಗೆ ಕುಸಿಯುತ್ತದೆಯೋ ಹಾಗೆ ಆಯಿತು. ಹದಿನಾಲ್ಕು ಅಧ್ಯಾಯ ಓದಿ ನಿದ್ದೆ ಹೋದೆ. ಏನು ಓದಿದೆ ಎಂದು ಮರುದಿನ ಕೇಳಿದ್ದರೆ ಒಂದು ವಾಕ್ಯವನ್ನೂ ಹೇಳಲಾಗುತ್ತಿರಲಿಲ್ಲ. ಪಟ್ಟಿ ಅಲ್ಲಿಗೇ ನಿಂತಿತು.

ಬಹಳ ವರ್ಷಗಳ ಮೇಲೆ ಗೊತ್ತಾಯಿತು: ಮೆಕ್‌ಚೇನ್ ಅವರು ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಬರೆದಿಟ್ಟಿದ್ದರು. ಓದು ಬರೀ ಆಚಾರವಾಗಬಹುದು, ಓದಿದವನಿಗೆ ತಾನೇ ನೀತಿವಂತನೆಂಬ ಗರ್ವ ಬರಬಹುದು, ಗಮನವಿಲ್ಲದೆ ಪುಟ ತಿರುವುವುದಾಗಬಹುದು, ಕೆಲವರಿಗೆ ಹೊರಲಾರದ ನೊಗವಾಗಬಹುದು. ನಾಲ್ಕೂ ನನಗೆ ಆಗಿತ್ತು. ಪಟ್ಟಿ ಕೊಟ್ಟವರು ಎಚ್ಚರಿಕೆಯ ಪುಟವನ್ನು ಮಾತ್ರ ಕೊಟ್ಟಿರಲಿಲ್ಲ. ಆ ಪಟ್ಟಿ ಬರೆದ ಮರುವರ್ಷವೇ, 29ರ ವಯಸ್ಸಿನಲ್ಲಿ, ಮೆಕ್‌ಚೇನ್ ತೀರಿಕೊಂಡರು. ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ, ಅವರ ಪಟ್ಟಿಯಿಂದ ಇವತ್ತಿಗೂ ಓದುವವರನ್ನು ಬಲ್ಲೆ. ನನ್ನ ತಕರಾರು “ಬಾಕಿ” ಎಂಬ ಆ ಒಂದು ಮಾತಿನ ಮೇಲೆ.

ವಿಮೋಚನಕಾಂಡದ ಹದಿನಾರನೆಯ ಅಧ್ಯಾಯಕ್ಕೆ ಬನ್ನಿ. ಕಥೆ ನಿಮಗೆಲ್ಲ ಗೊತ್ತು. ಅರಣ್ಯದಲ್ಲಿ ಜನ ಹಸಿದು ಗೊಣಗುಟ್ಟುತ್ತಾರೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಸಣ್ಣ ಸಣ್ಣ ರವೆಯಂಥದ್ದೇನೋ ಬಿದ್ದಿದೆ. ಒಬ್ಬರ ಮುಖ ಒಬ್ಬರು ನೋಡಿ “ಇದೇನು?” ಎಂದರು. ಇಬ್ರಿಯ ಭಾಷೆಯ ಆ ಪ್ರಶ್ನೆಯೇ ಅದಕ್ಕೆ ಹೆಸರಾಯಿತು, ಮನ್ನ. ತಲೆಗೊಂದು ಓಮೆರ್, ಅದು ಅವರ ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗಿರಲಿ ಎಂದು ಇಟ್ಟುಕೊಂಡವರ ಪಾತ್ರೆಯಲ್ಲಿ ಹುಳ ಬಿದ್ದು ನಾರಿತು. ನಮ್ಮ ಕರಾವಳಿಯಲ್ಲಿ ನಿನ್ನೆಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತೇವೆ, ಅದರ ರುಚಿಯೇ ಬೇರೆ. ಮನ್ನಕ್ಕೆ ಆ ಗುಣವಿಲ್ಲ. ಅದಕ್ಕೆ ತಂಗಳು ಎಂಬುದೇ ಇಲ್ಲ. ನಮ್ಮ ಸಭೆಗಳಲ್ಲಿ ಕೆಲವರು ಮೂವತ್ತು ವರ್ಷದ ಹಿಂದೆ ಕರ್ತನು ತಮಗೆ ಮಾಡಿದ್ದನ್ನೇ ಪ್ರತಿ ಸಾಕ್ಷಿ ಕೂಟದಲ್ಲೂ ಹೇಳುತ್ತಾರೆ. ಕೇಳಲು ಬೇಸರವಿಲ್ಲ, ಆದರೆ ನಿನ್ನೆ ಏನಾಯಿತು ಎಂದು ಕೇಳೋಣ ಅನ್ನಿಸುತ್ತದೆ.

ಇಷ್ಟನ್ನು ಎಲ್ಲ ಪ್ರಸಂಗಿಗಳೂ ಹೇಳುತ್ತಾರೆ. ನಾನು ಆ ಅಧ್ಯಾಯದಲ್ಲಿ ಇಲ್ಲದ ಒಂದು ಮಾತನ್ನು ತೋರಿಸಬೇಕೆಂದಿದ್ದೇನೆ. ನಿನ್ನೆ ಕೂಡಿಸದೆ ಹೋದವನು ಇವತ್ತು ಎರಡು ಓಮೆರ್ ಕೂಡಿಸಬೇಕು ಎಂಬ ಅಪ್ಪಣೆ ಅಲ್ಲಿ ಎಲ್ಲೂ ಇಲ್ಲ. ಎರಡು ಪಾಲು ಬರುವುದು ಆರನೆಯ ದಿನ ಮಾತ್ರ, ಅದೂ ಮಾರನೆಯ ದಿನದ ವಿಶ್ರಾಂತಿಗಾಗಿ. ನಿನ್ನೆ ಜ್ವರ ಬಂದು ಗುಡಾರದಲ್ಲೇ ಮಲಗಿದ್ದವನಿಗೂ ಇವತ್ತು ಬಿದ್ದಿರುವುದು ಇವತ್ತಿನ ಪಾಲೇ. ಮನ್ನಕ್ಕೆ ಬಾಕಿ ಪುಸ್ತಕವಿಲ್ಲ. ಹುಡುಗಿಗೆ ನಾನು ಅಂದು ಹೇಳಬೇಕಾಗಿದ್ದ ಮಾತು ಇದು. ಅವಳ ಆ್ಯಪ್ ಲೆಕ್ಕವನ್ನು ಒಂದಕ್ಕೆ ತಂದು ನಿಲ್ಲಿಸಿ, ತನಗೆ ಅರಿವಿಲ್ಲದೆಯೇ, ಮೋಶೆಯ ಲೆಕ್ಕಕ್ಕೆ ಬಂದಿತ್ತು. ಅಲ್ಲಿ ನಲವತ್ತು ವರ್ಷವೂ ಪ್ರತಿದಿನ “ಒಂದು” ಎಂದೇ ಎಣಿಸಿದ್ದು.

ಯೇಸು ಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಅದೇ ಅಳತೆ. ನಮ್ಮ ಸತ್ಯವೇದದಲ್ಲಿ “ಅನುದಿನದ ಆಹಾರ” ಎಂದಿದೆ. ಅಲ್ಲಿರುವ ಗ್ರೀಕ್ ಪದ ಎಪಿಊಸಿಯೊಸ್ ಬೇರೆಡೆ ಸಿಗುವುದೇ ಅಪರೂಪ. ಈ ದಿನದ್ದೋ, ಬರುವ ದಿನದ್ದೋ, ಬದುಕಲು ಬೇಕಾದಷ್ಟೋ ಎಂದು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಚರ್ಚಿಸಲಿ. ಮೂರರಲ್ಲಿ ಯಾವ ಅರ್ಥ ಹಿಡಿದರೂ ವರ್ಷದ ಭತ್ತ ಕೇಳಿದಂತಾಗುವುದಿಲ್ಲ.

ಈಗ ಎಲ್ಲಿ ಎಂಬ ಪ್ರಶ್ನೆ. ಮತ್ತಾಯನ ಆರನೆಯ ಅಧ್ಯಾಯ, ಆರನೆಯ ವಚನ: ಪ್ರಾರ್ಥನೆ ಮಾಡುವಾಗ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಸ್ವಾಮಿ ಹೇಳಿದರು. ಈ ವಚನ ಓದುವಾಗಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು. ನಾನು ಬೆಳೆದ ಮನೆಯಲ್ಲಿ ಎರಡೇ ಕೋಣೆ, ಒಂಬತ್ತು ಜನ. ಯಾವ ಕೋಣೆಗೆ ಹೋಗುವುದು, ಯಾರನ್ನು ಹೊರಗೆ ಹಾಕಿ ಬಾಗಿಲು ಮುಚ್ಚುವುದು? ಇವತ್ತು ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವ ನಮ್ಮ ಮಕ್ಕಳಿಗೂ ಅದೇ ಪ್ರಶ್ನೆ. ಕೆಲವು ಪುಸ್ತಕಗಳು ಇದಕ್ಕಾಗಿ ಒಂದು ಪ್ರಾರ್ಥನಾ ಕೋಣೆ ಕಟ್ಟಿಕೊಳ್ಳಿ ಎನ್ನುತ್ತವೆ. ಬರೆದವರಿಗೆ ದೊಡ್ಡ ಮನೆ ಇದ್ದಿರಬೇಕು.

ಆದರೆ ಸ್ವಾಮಿ ಬಳಸಿದ ಪದ ಮಲಗುವ ಕೋಣೆಯದೂ ಅಲ್ಲ, ಪೂಜೆಯ ಕೋಣೆಯದೂ ಅಲ್ಲ. ಗ್ರೀಕಿನಲ್ಲಿ ಅದು ತಮೇಯೋನ್. ಲೂಕನ ಸುವಾರ್ತೆಯಲ್ಲಿ ಕಾಗೆಗಳನ್ನು ನೋಡಿರಿ, ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಅವಕ್ಕೆ ಉಗ್ರಾಣವಿಲ್ಲ ಎನ್ನುವಾಗ ಬರುವುದೂ ಇದೇ ಪದ. ಅಂದರೆ ಉಗ್ರಾಣ. ಹಳ್ಳಿಯ ಮನೆಯಲ್ಲಿ ಕಾಳು, ಎಣ್ಣೆ, ಒಣಗಿಸಿಟ್ಟ ಹಣ್ಣು ಇಡುವ ಕತ್ತಲೆಯ ಮೂಲೆ. ಕದ ಹಾಕಿ ಭದ್ರ ಮಾಡುವ ಜಾಗ. ನಮ್ಮಲ್ಲಿ ಹೇಳುವುದಾದರೆ ಅಕ್ಕಿ ಮುಡಿಗಳ ಪಕ್ಕ, ತೆಂಗಿನಕಾಯಿ ರಾಶಿಯ ಮೇಲೆ, ಹುಣಸೆಹುಳಿಯ ಭರಣಿಗಳ ನಡುವೆ. ಅಲ್ಲಿಗೆ ಹೋಗು ಎಂದರು ಸ್ವಾಮಿ. ಇದು ತಿಳಿದ ದಿನ ನನಗೆ ಎಷ್ಟು ಹಗುರವಾಯಿತೆಂದರೆ, ಒಬ್ಬನೇ ಕುಳಿತು ನಕ್ಕೆ. ಅದರಲ್ಲೊಂದು ಚಮತ್ಕಾರವನ್ನೂ ನೋಡಿ. ಉಗ್ರಾಣ ಇರುವುದೇ ನಾಳೆಗಾಗಿ. ನಾಳೆಯ ಚಿಂತೆಯೆಲ್ಲ ಮೂಟೆ ಕಟ್ಟಿ ಇಟ್ಟ ಆ ಜಾಗದಲ್ಲಿ ನಿಂತು, ನಾಲ್ಕೇ ವಚನ ದಾಟಿದ ಮೇಲೆ, “ಈ ಹೊತ್ತು ದಯಪಾಲಿಸು” ಎಂದು ಕೇಳಲು ಸ್ವಾಮಿ ಕಲಿಸುತ್ತಾರೆ.

ಉಗ್ರಾಣವೂ ಇಲ್ಲದವರು? ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಸುಸನ್ನಾ ವೆಸ್ಲಿ ಎಂಬ ತಾಯಿ ಇದ್ದರು. ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿಯವರ ತಾಯಿ. ಹೆತ್ತದ್ದು 19 ಮಕ್ಕಳನ್ನು, ಅರ್ಧದಷ್ಟು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಗಂಡ ಸಾಲ ಮಾಡಿ ಸೆರೆಮನೆಯನ್ನೂ ಕಂಡವರು. ಅಂಥ ಮನೆಯಲ್ಲಿ ಆಕೆ ಅಡುಗೆಯ ಮೇಲುವಸ್ತ್ರವನ್ನು ತಲೆಯ ಮೇಲೆ ಎಳೆದುಕೊಂಡು ಕುಳಿತರೆ ಅಮ್ಮ ಪ್ರಾರ್ಥನೆಯಲ್ಲಿದ್ದಾಳೆ, ಮಾತಾಡಿಸಬಾರದು ಎಂದು ಮಕ್ಕಳು ತಿಳಿಯುತ್ತಿದ್ದರಂತೆ. ಮೆಥಡಿಸ್ಟರಲ್ಲಿ ಈ ಕಥೆ ಇಂದಿಗೂ ಬಾಯಿಂದ ಬಾಯಿಗೆ ನಡೆದು ಬಂದಿದೆ. ನಮ್ಮ ತಾಯಂದಿರ ಬಳಿ ಸೆರಗಿದೆ. ಬಾಗಿಲು ಎಂದರೆ ಮರದ್ದೇ ಆಗಬೇಕಿಲ್ಲ.

ಯಾವಾಗ ಎಂಬುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಈ ವಿಷಯದಲ್ಲಿ ನಾವು ಬೆಳಗಿನ ಜಾವ ಏಳುವವರು ಉಳಿದವರನ್ನು ಬೇಕಾದಷ್ಟು ಹಿಂಸಿಸಿದ್ದೇವೆ. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರಿದನು. ಆದಿಸಭೆಯ “ಹನ್ನೆರಡು ಅಪೊಸ್ತಲರ ಬೋಧನೆ” ಎಂಬ ಹಳೆಯ ಕಿರುಪುಸ್ತಕವೂ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿರಿ ಎನ್ನುತ್ತದೆ. ಎಷ್ಟು ಸಣ್ಣ ಪ್ರಾರ್ಥನೆ, ನಿಧಾನವಾಗಿ ಹೇಳಿದರೂ ಒಂದು ನಿಮಿಷ ಹಿಡಿಯುವುದಿಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮ ಬರೆದರು. ದಿನವಿಡೀ ಗಂಟೆ ಬಾರಿಸಿ ಕೀರ್ತನೆ ಹಾಡಿಸುವ ಮಠ. ಅಂಥವರೂ ಪ್ರಾರ್ಥನೆ ಚಿಕ್ಕದಾಗಿ, ಶುದ್ಧವಾಗಿ ಇರಲಿ ಎಂದು ಒಂದು ಅಧ್ಯಾಯದಲ್ಲಿ ಬರೆದಿಟ್ಟರು.

ಬೆಳಗಿನ ಜಾವಕ್ಕೆ ಮಾರ್ಕನ ಮೊದಲನೆಯ ಅಧ್ಯಾಯವನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡಿದರು, ನಿಜ. ಹಿಂದಿನ ಸಂಜೆ ಏನಾಗಿತ್ತು ನೋಡಿ. ಊರಿಗೆ ಊರೇ ಸೀಮೋನನ ಮನೆ ಬಾಗಿಲಲ್ಲಿ ನೆರೆದಿತ್ತು. ಆ ಮನೆಯಲ್ಲಿ ಒಂದು ಮೂಲೆ ಸಿಗದೆ ಹೊರಗೆ ಹೋಗಿರಬೇಕು ಎಂದು ನನಗನ್ನಿಸುತ್ತದೆ. ಅಲ್ಲಿಗೂ ಸೀಮೋನ ಹುಡುಕಿಕೊಂಡು ಹೋದ, “ಎಲ್ಲರೂ ನಿನ್ನನ್ನು ಹುಡುಕುತ್ತಾರೆ” ಎಂದ. ಸ್ವಾಮಿ ಅವನನ್ನು ಗದರಲಿಲ್ಲ, ಎದ್ದು ಕೆಲಸಕ್ಕೆ ಹೊರಟರು. ಪ್ರಾರ್ಥನೆಗೆ ಕುಳಿತಾಗಲೇ ಮಗು ಅಳುವುದು, ಕುಕ್ಕರ್ ಕೂಗುವುದು, ಫೋನ್ ಬರುವುದು ತಮಗೆ ಮಾತ್ರ ಎಂದುಕೊಂಡಿರುವ ತಾಯಂದಿರು ಆ ವಚನವನ್ನು ಓದಿಕೊಳ್ಳಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸುಗಳು ಇಲ್ಲಿ ನಾಲ್ಕು ಜನರಾದರೂ ಇದ್ದೀರಿ. 55ನೆಯ ಕೀರ್ತನೆಯವನು ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಎಂದು ಸಂಜೆಯಿಂದಲೇ ಎಣಿಸುತ್ತಾನೆ. ಇಬ್ರಿಯರ ದಿನ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ. ನಿಮ್ಮ ದಿನ ಎಲ್ಲಿ ಶುರುವಾಗುತ್ತದೋ ಅಲ್ಲೇ ನಿಮ್ಮ ಬೆಳಿಗ್ಗೆ.

ಇನ್ನು ಹೇಗೆ ಎಂಬುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಇದು.

ವಿಟೆನ್‌ಬರ್ಗ್ ಊರಿನಲ್ಲಿ ಸಭಾ ಸುಧಾರಕ ಮಾರ್ಟಿನ್ ಲೂಥರ್ ಅವರಿಗೆ ಕ್ಷೌರ ಮಾಡುತ್ತಿದ್ದವನು ಪೀಟರ್ ಬೆಸ್ಕೆನ್‌ಡಾರ್ಫ್, ಅವರ ಹಳೆಯ ಗೆಳೆಯ. ಪ್ರಾರ್ಥನೆ ಮಾಡುವುದು ಹೇಗೆ ಎಂದು ಅವನು ಕೇಳಿದ. ಲೂಥರ್ ಅವರು ಉತ್ತರವನ್ನು ಬರೆದೇ ಕೊಟ್ಟರು, 1535ರಲ್ಲಿ ಅದು ಪುಟ್ಟ ಪುಸ್ತಕವಾಗಿ ಅಚ್ಚಾಯಿತು. ಇದಕ್ಕೆ ಐದು ವರ್ಷ ಮೊದಲು ಲೂಥರ್ ಕೋಬರ್ಗ್ ಕೋಟೆಯಲ್ಲಿದ್ದಾಗ ಜೊತೆಗಿದ್ದ ಫೈಟ್ ಡೀಟ್ರಿಶ್ ಒಂದು ಪತ್ರದಲ್ಲಿ, ಇವರು ದಿನಕ್ಕೆ ಮೂರು ಗಂಟೆಯಾದರೂ ಪ್ರಾರ್ಥನೆಯಲ್ಲಿ ಕಳೆಯುತ್ತಾರೆ ಎಂದು ಬರೆದಿದ್ದ. ನಮ್ಮ ಪ್ರಸಂಗಿಗಳಿಗೆ ಆ ಮೂರು ಗಂಟೆ ಬಹಳ ಪ್ರಿಯ. ನಾನೂ ಹೇಳಿ ಜನರನ್ನು ಹೆದರಿಸಿದ್ದೇನೆ. ಆದರೆ ಆ ಮೂರು ಗಂಟೆಯ ಮನುಷ್ಯ ಅಂಗಡಿ ತೆರೆಯಬೇಕಾದ ಕ್ಷೌರಿಕನಿಗೆ ಮೂರು ಗಂಟೆಯ ವ್ರತ ಹೇರಲಿಲ್ಲ. ಏನು ಬರೆದರು ಗೊತ್ತೇ? ಮೊದಲಿಗೆ ತಮ್ಮ ಕಷ್ಟವನ್ನೇ ಬರೆದರು. ಬೇರೆ ಕೆಲಸ, ಬೇರೆ ಯೋಚನೆಗಳಿಂದ ಮನಸ್ಸು ತಣ್ಣಗಾಗಿ ಪ್ರಾರ್ಥನೆ ರುಚಿಸದಿದ್ದಾಗ ನಾನು ನನ್ನ ಚಿಕ್ಕ ಕೀರ್ತನೆ ಪುಸ್ತಕ ತೆಗೆದುಕೊಂಡು ಕೋಣೆಗೋ ಜನ ಸೇರಿರುವ ದೇವಾಲಯಕ್ಕೋ ಹೋಗುತ್ತೇನೆ, ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಒಂದೆರಡು ಕೀರ್ತನೆಯ ಸಾಲುಗಳನ್ನು ಮಕ್ಕಳು ಹೇಳಿಕೊಳ್ಳುವ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತೇನೆ ಎಂದರು. ಇನ್ನೊಂದು ಗಂಟೆ ಬಿಟ್ಟು ಮಾಡೋಣ, ಮೊದಲು ಈ ಕೆಲಸ ಮುಗಿಯಲಿ ಎಂಬ ಯೋಚನೆ ಬಂದರೆ ಅದನ್ನು ನಂಬಬೇಡ ಎಂದರು. ಆಮೇಲೆ ಅವನ ಕಸುಬಿನಿಂದಲೇ ಒಂದು ಹೋಲಿಕೆ. ಒಳ್ಳೆಯ ಕ್ಷೌರಿಕನ ಕಣ್ಣು, ಮನಸ್ಸು ಎರಡೂ ಕತ್ತಿ ಮತ್ತು ಕೂದಲಿನ ಮೇಲಿರಬೇಕು. ಹರಟೆ ಹೊಡೆಯುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಬಾಯಿ, ಮೂಗು, ಗಂಟಲನ್ನೇ ಕೊಯ್ದಾನು.

ಲೂಥರ್ ಅವರ ವಿಧಾನ ಸರಳ. ಒಂದು ವಚನ ತೆಗೆದುಕೊಂಡು ಅದನ್ನು ನಾಲ್ಕು ಎಳೆಯ ಮಾಲೆಯಾಗಿ ಹೆಣೆಯುವುದು. ಇದು ನನಗೆ ಏನು ಕಲಿಸುತ್ತದೆ? ಇದರಲ್ಲಿ ನಾನು ಯಾವುದಕ್ಕೆ ಸ್ತೋತ್ರ ಹೇಳಬೇಕು? ಇದರಲ್ಲಿ ನನ್ನ ತಪ್ಪೇನು? ಏನನ್ನು ಬೇಡಬೇಕು? ನಡುವೆ ಎಲ್ಲಾದರೂ ಒಂದು ಮಾತು ಎದೆಗೆ ನಾಟಿದರೆ ಉಳಿದದ್ದನ್ನು ಬಿಟ್ಟು ಅಲ್ಲೇ ಸುಮ್ಮನೆ ಕುಳಿತಿರು, ಪವಿತ್ರಾತ್ಮನು ಮಾತಾಡುವಾಗ ನೀನು ಮಾತಾಡಬೇಡ ಎನ್ನುತ್ತಾರೆ.

ಮಾಡಿ ತೋರಿಸುತ್ತೇನೆ. “ಕದಿಯಬಾರದು.” ಎಲ್ಲಕ್ಕಿಂತ ಚಿಕ್ಕ ಆಜ್ಞೆಗಳಲ್ಲೊಂದು. ಕಲಿಸುವುದೇನು? ಜೇಬಿಗೆ ಕೈ ಹಾಕಬಾರದು ಎಂದಷ್ಟೇ ಅಲ್ಲ. ಕೂಲಿ ತಡ ಮಾಡುವುದು, ಬೇಲಿಯನ್ನು ಒಂದಡಿ ಆಚೆ ಸರಿಸುವುದು, ಕಚೇರಿಯ ಹೊತ್ತಿನಲ್ಲಿ ಸ್ವಂತ ಕೆಲಸ ಮಾಡುವುದು ಎಲ್ಲವೂ ಅದರೊಳಗೇ. ಸ್ತೋತ್ರ? ನನ್ನದು ಎನ್ನಲು ಒಂದು ಮನೆ, ನಾಲ್ಕು ತೆಂಗಿನ ಮರ ಇವೆ, ಯಾರೂ ಕಿತ್ತುಕೊಂಡಿಲ್ಲ. ಅರಿಕೆ? ಮೊದಲ ಸಲ ಈ ವಚನ ಹಿಡಿದು ಕುಳಿತ ದಿನ ಇಲ್ಲೇ ನಾನು ಸಿಕ್ಕಿಬಿದ್ದೆ. ಹಿಂದಿನ ವಾರ ಕಾಯಿ ಕೀಳಲು ಬಂದವನ ಹತ್ತಿರ ಚೌಕಾಸಿ ಮಾಡಿ ಐವತ್ತು ರೂಪಾಯಿ ಕಡಿಮೆ ಕೊಟ್ಟಿದ್ದೆ. ಜಾಣತನ ಎಂದುಕೊಂಡಿದ್ದೆ. ಬೇಡಿಕೆಯ ಎಳೆಗೆ ನಾನು ಹೋಗಲೇ ಇಲ್ಲ, ಎದ್ದು ಅಂಗಿ ಹಾಕಿಕೊಂಡು ಅವನ ಮನೆಗೆ ನಡೆದೆ. ಅವನಿಗೆ ವಿಷಯವೇ ಮರೆತುಹೋಗಿತ್ತು. “ಇಷ್ಟಕ್ಕೆ ಇಲ್ಲಿಯವರೆಗೆ ಬಂದಿರಾ, ಮೇಷ್ಟ್ರೇ?” ಎಂದು ಬೆಲ್ಲ ನೀರು ಕೊಟ್ಟ. ಅಂದಿನ ಪ್ರಾರ್ಥನೆ ಎಷ್ಟು ನಿಮಿಷ ಎಂದು ಕೇಳಿದರೆ ನಡೆದ ಹೊತ್ತನ್ನು ಸೇರಿಸಬೇಕೋ ಬಿಡಬೇಕೋ ನನಗೆ ತಿಳಿಯದು.

ಪೀಟರನ ಕಥೆಯ ಉಳಿದ ಭಾಗವನ್ನು ಯಾರೂ ಹೇಳುವುದಿಲ್ಲ. ಅದೇ 1535ರಲ್ಲಿ, ಈಸ್ಟರ್ ಹಬ್ಬದ ಹೊತ್ತಿಗೆ, ಪುಸ್ತಕ ಅಚ್ಚಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಊಟದ ಹೊತ್ತಿನಲ್ಲಿ ಅವನ ಅಳಿಯ, ಯುದ್ಧ ಕಂಡ ಸೈನಿಕ, ತನಗೆ ಯಾವ ಆಯುಧವೂ ತಾಗದು ಎಂದು ಬಡಾಯಿ ಕೊಚ್ಚಿಕೊಂಡ. ಪೀಟರ್ ಚೂರಿಯಿಂದ ಇರಿದ, ಅಳಿಯ ಸತ್ತ. ಲೂಥರ್ ಮುಂತಾದವರು ನಡುವೆ ಬಂದದ್ದರಿಂದ ಮರಣದಂಡನೆ ತಪ್ಪಿ ಗಡೀಪಾರಾಯಿತು, ಆಸ್ತಿ ಹೋಯಿತು. ಪ್ರಾರ್ಥನೆಯ ಮೇಲೆ ಬಂದ ಅತ್ಯುತ್ತಮ ಪುಸ್ತಕಗಳಲ್ಲೊಂದು ಯಾರ ಹೆಸರಿಗೆ ಬರೆಯಲ್ಪಟ್ಟಿತೋ ಅವನ ಗತಿ ಇದು. ಲೂಥರ್ ಪುಸ್ತಕವನ್ನು ಹಿಂತೆಗೆದುಕೊಳ್ಳಲಿಲ್ಲ, ಗೆಳೆಯನನ್ನೂ ಕೈಬಿಡಲಿಲ್ಲ. ಬೆಳಗಿನ ಧ್ಯಾನ ಮಾಡಿದ ಮೇಲೆ ದಿನವೆಲ್ಲ ರಕ್ಷೆ ಕಟ್ಟಿಕೊಂಡಂತೆ ಎಂದು ನಂಬುವವರಿಗೆ ನಾನು ಈ ಕಥೆ ಹೇಳುತ್ತೇನೆ. ಅದು ತಾಯಿತವಲ್ಲ. ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯ, ಏಳನೆಯ ವಚನ ಗಂಡಂದಿರಿಗೆ ಹೆಂಡತಿಯರನ್ನು ಮಾನದಿಂದ ನಡೆಸಿಕೊಳ್ಳಿರಿ, ಇಲ್ಲವಾದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾದೀತು ಎನ್ನುತ್ತದೆ. ಅಡ್ಡಿ ಸೈತಾನನಿಂದ ಎಂದು ಅಲ್ಲಿ ಬರೆದಿಲ್ಲ. ತಿಂಡಿಯ ಹೊತ್ತಿಗೆ ಎತ್ತಿದ ದನಿಯಿಂದ.

ಗಂಡಂದಿರ ಮಾತು ಬಂದದ್ದರಿಂದ ಕುಟುಂಬ ಪ್ರಾರ್ಥನೆಯ ಬಗ್ಗೆಯೂ ಹೇಳಿಬಿಡುತ್ತೇನೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಭಕ್ತ ಕುಟುಂಬಗಳ ರೂಢಿಯನ್ನು ಜೊತೆಗೆ ತಂದರು. ಸಂಜೆ ಮನೆಯವರೆಲ್ಲ ಕೂಡಿ ಒಂದು ಸಂಗೀತ, ಒಂದು ಓದು, ಒಂದು ಪ್ರಾರ್ಥನೆ. ಪಕ್ಕದ ಕಥೋಲಿಕ ಮನೆಗಳಲ್ಲಿ ಅದೇ ಹೊತ್ತಿಗೆ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ನಡೆಯುತ್ತಿತ್ತು. ಅದು ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈ ಜೋಡಿಸಿ “ಬೆಸಾಂವ್”, ಅಂದರೆ ಆಶೀರ್ವಾದ, ಕೇಳುವುದನ್ನು ನಾನು ಬೇಲಿಯಾಚೆಯಿಂದ ನೋಡುತ್ತಿದ್ದೆ. ಪ್ರಾರ್ಥನೆಯ ಕೊನೆಗೆ ತಲೆಯ ಮೇಲೆ ಒಂದು ಕೈ ಬೀಳುತ್ತದಲ್ಲ, ಅದು ನಮ್ಮಲ್ಲಿ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚು. ನಮ್ಮಲ್ಲಿ ಇದ್ದದ್ದು ದೊಡ್ಡಪ್ಪನ ಪ್ರಾರ್ಥನೆ. “ಕರ್ತನೇ, ಈ ಮನೆಯಲ್ಲಿ ಕೆಲವರಿಗೆ ಹಿರಿಯರ ಮಾತು ಕೇಳುವ ಬುದ್ಧಿಯನ್ನು ಅನುಗ್ರಹಿಸು.” ಕೆಲವರು ಯಾರೆಂದು ಕರ್ತನಿಗೂ ಗೊತ್ತು, ಚಿಕ್ಕಮ್ಮನಿಗೂ ಗೊತ್ತು. ಕುಟುಂಬ ಪ್ರಾರ್ಥನೆ ನಮ್ಮ ಮನೆಗಳಲ್ಲಿ ಸತ್ತದ್ದು ಟಿವಿಯಿಂದ ಎಂದು ಎಲ್ಲರೂ ಹೇಳುತ್ತಾರೆ. ಟಿವಿ ಬರುವ ಮೊದಲೇ ಅರ್ಧ ಜೀವ ಹೋಗಿತ್ತು ಎಂಬುದು ನನ್ನ ಅಭಿಪ್ರಾಯ. ದೇವರಿಗೆ ಹೇಳುವ ನೆಪದಲ್ಲಿ ಮನೆಯವರಿಗೆ ಚುಚ್ಚುವುದನ್ನು ನಿಲ್ಲಿಸಿದರೆ, ಹತ್ತು ನಿಮಿಷಕ್ಕೆ ಮುಗಿಸಿದರೆ, ಮಕ್ಕಳು ತಾವಾಗಿ ಬಂದು ಕೂರುತ್ತಾರೆ.

ಈಗ ಬೆಳಿಗ್ಗೆ ಆರು ಗಂಟೆಯೊಳಗೆ ನನ್ನ ಮೊಬೈಲಿಗೆ ಹನ್ನೊಂದು ವಚನಗಳು ಬರುತ್ತವೆ, ಗುಲಾಬಿ ಹೂವು, ಸೂರ್ಯೋದಯದ ಚಿತ್ರಗಳ ಸಮೇತ. ಕಳುಹಿಸಿದವರು ಓದಿರುತ್ತಾರೋ ಇಲ್ಲವೋ ನನಗೆ ಅನುಮಾನ. 1728ರ ಮೇ 3ರಂದು ಜರ್ಮನಿಯ ಹೆರ್ನ್‌ಹುಟ್ ಎಂಬ ಹೊಸ ಊರಿನಲ್ಲಿ ಕೌಂಟ್ ಝಿನ್ಝೆನ್‌ಡಾರ್ಫ್ ಸಂಜೆಯ ಕೂಟದಲ್ಲಿ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟರು. ಮೊರಾವಿಯದಿಂದ ಓಡಿಬಂದ ನಿರಾಶ್ರಿತರ ಊರದು, 32 ಮನೆಗಳು. ಆಮೇಲೆ ದಿನವೂ ಒಬ್ಬ ಸಹೋದರ ಆ ದಿನದ ವಾಕ್ಯವನ್ನು ಹಿಡಿದು ಮನೆಮನೆಗೂ ಹೋಗಿ ಹೇಳಿ ಬರುತ್ತಿದ್ದ. 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತಿದೆ, ಹಳೆಯ ಒಡಂಬಡಿಕೆಯ ವಚನಗಳನ್ನು ಇಂದಿಗೂ ಅಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ನನಗೆ ಪುಸ್ತಕಕ್ಕಿಂತ ಆ ಮೊದಲ ಮೂರು ವರ್ಷದ ಕಾಲುನಡಿಗೆ ಇಷ್ಟ. ವಾಕ್ಯ ಹೇಳಲು ಬಾಗಿಲಿಗೆ ಬಂದವನಿಗೆ ಒಳಗೆ ಒಲೆ ಹಚ್ಚಿಲ್ಲ, ಮಗು ಕೆಮ್ಮುತ್ತಿದೆ ಎಂಬುದು ಕಾಣುತ್ತದೆ. ಗುಲಾಬಿ ಚಿತ್ರ ಕಳುಹಿಸಿದವನಿಗೆ ಎರಡು ನೀಲಿ ಗೀಟು ಕಾಣುತ್ತದೆ.

ಕೊನೆಗೆ ನಮ್ಮ ಅಜ್ಜಿಯ ವಿಷಯ. ಅವರಿಗೆ ಓದಲು ಬರುತ್ತಿರಲಿಲ್ಲ. ಸತ್ಯವೇದ ಕನ್ನಡದ್ದು, ಅಜ್ಜಿಯ ಪ್ರಾರ್ಥನೆ ತುಳುವಿನಲ್ಲಿ. ಹೊಟ್ಟೆಪಾಡಿಗೆ ಬೀಡಿ ಕಟ್ಟುತ್ತಿದ್ದರು. ಬೀಡಿ ಕಟ್ಟುವವರು ಸಭೆಯಲ್ಲಿ ಅದನ್ನು ಹೇಳಿಕೊಳ್ಳಲು ನಾಚುವ ಕಾಲ, ಆದರೆ ನಾಚಿಕೆಯಿಂದ ಅಕ್ಕಿ ಬರುವುದಿಲ್ಲ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾರೆ ಎಂದುಕೊಂಡಿದ್ದೆ. ಒಂದು ಕಟ್ಟಿಗೆ 25 ಬೀಡಿ. ಹತ್ತಿರ ಹೋಗಿ ಕೇಳಿದಾಗ ಗೊತ್ತಾಯಿತು, ಒಂದು ಕಟ್ಟಿಗೆ ಒಂದು ಹೆಸರು. ಮುಂಬೈಯ ಹೋಟೆಲಿನಲ್ಲಿದ್ದ ಮಾವ ಒಂದು ಕಟ್ಟು, ಬಸುರಿ ಅತ್ತೆ ಒಂದು ಕಟ್ಟು, ಅಯ್ಯನವರು ಒಂದು ಕಟ್ಟು, ಮಾತು ಬಿಟ್ಟಿದ್ದ ಪಕ್ಕದ ಮನೆಯವಳಿಗೂ ಒಂದು ಕಟ್ಟು. ದಿನಕ್ಕೆ 500 ಬೀಡಿ, ಇಪ್ಪತ್ತು ಹೆಸರು. ಪ್ಯಾರಿಸಿನ ಒಂದು ಮಠದಲ್ಲಿ ಹದಿನೇಳನೆಯ ಶತಮಾನದಲ್ಲಿ ಸಹೋದರ ಲಾರೆನ್ಸ್ ಎಂಬ ಕುಂಟು ಕಾಲಿನ ಅಡುಗೆಯವರಿದ್ದರು. ಅಡುಗೆ ಕೆಲಸವೆಂದರೆ ಅವರಿಗೆ ಆಗದು, ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯಲ್ಲಿರುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅವರ ಬಗ್ಗೆ ಓದುವಾಗ ನನಗೆ ಹೊಸತೇನೂ ಅನ್ನಿಸಲಿಲ್ಲ. ಹೊಗೆಸೊಪ್ಪಿನ ವಾಸನೆ ಬಂದಂತಾಯಿತು.

ಅಜ್ಜಿಗೆ ಜ್ವರ ಬಂದು ಬೀಡಿ ಕಟ್ಟದ ದಿನ ಆ ಇಪ್ಪತ್ತು ಜನರ ಗತಿ ಏನು ಎಂದು ನಾನೊಮ್ಮೆ ಕೇಳಿದ್ದೆ. “ಅವತ್ತು ಬೇರೆ ಯಾರಾದರೂ ಕಟ್ಟುತ್ತಾರೆ ಮಗಾ, ನಿದ್ದೆ ಮಾಡು” ಎಂದಿದ್ದರು.

ಗಂಟೆ ಎಂಟೂಕಾಲು. ಇವತ್ತು ಮನೆಗೆ ಹೋಗಿ ಮಾಡಲು ಒಂದು ಸಣ್ಣ ಕೆಲಸ ಕೊಡುತ್ತೇನೆ. ನಾಲ್ಕನೆಯ ಕೀರ್ತನೆಯ ಕೊನೆಯ ವಚನ, ಸಮಾಧಾನದಿಂದ ಮಲಗಿ ನಿದ್ದೆ ಹೋಗುವ ಮಾತು ಅದರಲ್ಲಿದೆ. ಅದೊಂದೇ ವಚನ ಓದಿ, ನಾಲ್ಕು ಎಳೆಯಲ್ಲಿ ಒಂದೇ ಎಳೆ ಹಿಡಿದರೂ ಸಾಕು, ಆಮೇಲೆ ಕರ್ತನ ಪ್ರಾರ್ಥನೆ. 1529ರ ತಮ್ಮ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಲೂಥರ್ ಅವರು ರಾತ್ರಿಯ ಪ್ರಾರ್ಥನೆಯನ್ನು ಬರೆದು, ಅದು ಮುಗಿದ ಕೂಡಲೇ ಸಂತೋಷದಿಂದ ನಿದ್ದೆ ಹೋಗು ಎಂದು ಸೇರಿಸಿದರು. ಕೂಡಲೇ ಎಂದರೆ ಕೂಡಲೇ. ನಡುವೆ ಮೊಬೈಲ್ ತೆಗೆದು ಹಸಿರು ಚುಕ್ಕೆ ಯಾರದು ಎಂದು ನೋಡುವ ಹಾಗಿಲ್ಲ. ಆ ಹುಡುಗಿ ಇಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಈಗ ಲೆಕ್ಕ ಎಷ್ಟಾಗಿದೆ ಎಂದು ಬರುವಾಗ ಕೇಳಿದೆ. ಆ್ಯಪ್ ತೆಗೆದುಹಾಕಿದ್ದಾಳಂತೆ, ಅಮ್ಮನ ಹಳೆಯ ಸತ್ಯವೇದದಲ್ಲಿ ಓದುತ್ತಾಳಂತೆ, ಲೆಕ್ಕ ಗೊತ್ತಿಲ್ಲವಂತೆ.